ನೋ ಟ್ರಂಪ್‌ಗೆ ನನ್ನ ಜವಾಬು

ಬ್ರಿಜ್ ಆಟದಲ್ಲಿ ಎದುರಾಳಿ 'ಒಂದು ನೋ ಟ್ರಂಪ್' ಎಂದು ಸವಾಲು ತೆರೆದರೆ ಮುಂದೆ ಏನು ಹೇಳಬೇಕು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಬೇಸನ್ ಉಂಡೆ ಹೇಗೆ ಕಟ್ಟಬೇಕು ಎಂದು ಕೇಳುತ್ತಾರೆ. ಉಂಡೆಯ ವಿಷಯದಲ್ಲಿ ನನ್ನ ಜ್ಞಾನ ಸಾಧಾರಣ. ನೋ ಟ್ರಂಪಿನ ವಿಷಯದಲ್ಲಿ ಮಾತ್ರ ನಾನು ಸೋತು, ಬೈಸಿಕೊಂಡು, ಹಟ ಹಿಡಿದು ಕಲಿತವಳು. ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ.

ಆಗ ನಾವು ಸಿಂಧನೂರಿನಲ್ಲಿದ್ದೆವು. ನಿಜಾಮರ ಆಡಳಿತ ಹೋಗಿ ನಾಲ್ಕೈದು ವರ್ಷವಾಗಿತ್ತು. ಕಾಲುವೆ ತೋಡುತ್ತಿದ್ದರು, ನೀರು ಇನ್ನೂ ಬಂದಿರಲಿಲ್ಲ. ನಮ್ಮ ಯಜಮಾನರು ಆ ಕಾಲುವೆಯ ಓವರ್‌ಸಿಯರ್. ಅವರು ಕಟ್ಟಿಸುವ ಏರಿ ಎಷ್ಟು ಗಟ್ಟಿಯೋ ಅವರ ಮಾತು ಅಷ್ಟೇ ಮೆತ್ತಗೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ ಎಂಬುದು ಒಂದು ಕಾರಣ. ಹುಟ್ಟುಗುಣ ಎಂಬುದು ಇನ್ನೊಂದು. ಅವರ ಮೇಲೆ ದೊಡ್ಡ ಇಂಜಿನಿಯರ್ ಸಾಹೇಬರು. ಭಾನುವಾರ ಮಧ್ಯಾಹ್ನ ಸಾಹೇಬರ ಕ್ಯಾಂಪಿನ ಪಡಸಾಲೆಯಲ್ಲಿ ಬ್ರಿಜ್ ನಡೆಯುತ್ತಿತ್ತು. ಸಾಹೇಬರಿಗೆ ಜೊತೆ ನಮ್ಮವರು. ಎದುರು ಜೋಡಿ ಶರಣಪ್ಪ ವಕೀಲರು ಮತ್ತು ಕ್ಯಾಂಪಿನ ಡಾಕ್ಟರು. ಡಾಕ್ಟರಿಗೆ ವರ್ಗವಾದಾಗ ನಾಲ್ಕನೆಯ ಕೈ ಇಲ್ಲದೆ ಎರಡು ವಾರ ಆಟ ನಿಂತಿತು. ಗಂಡನ ಬೆನ್ನ ಹಿಂದೆ ಕೂತು ಎಲೆ ಎಣಿಸುತ್ತಲೇ ಆಟ ಕಲಿತಿದ್ದ ನನ್ನನ್ನು ಮೂರನೆಯ ವಾರ ವಕೀಲರಿಗೆ ಜೊತೆಯಾಗಿ ಕರೆದರು.

"ನೀವು ಪಾಸ್ ಅಂದ್ರ ಬಸ್ ರೀ ತಾಯಿ. ಬಾಕಿ ನಾವು ನೋಡ್ಕೋತೀವಿ," ಎಂದರು ಸಾಹೇಬರು, ಬಹಳ ಮರ್ಯಾದೆಯಿಂದಲೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಟಕ್ಕೆ ಮೊದಲು ಒಬ್ಬೊಬ್ಬರೂ ತಮ್ಮ ಕೈ ನೋಡಿಕೊಂಡು, ಯಾವ ಬಣ್ಣವನ್ನು ಎಲ್ಲಕ್ಕೂ ಮೇಲಾದ ತುರುಫು ಮಾಡಿ ಎಷ್ಟು ಗೆಲ್ಲುತ್ತೇವೆ ಎಂದು ಸವಾಲು ಕೂಗಬೇಕು. ಒಬ್ಬರು ಕೂಗಿದ ಮೇಲೆ ಇನ್ನೊಬ್ಬರು ಅದಕ್ಕಿಂತ ಮೇಲೆ ಕೂಗಬೇಕು, ಕೂಗುವುದಕ್ಕೆ ಏನೂ ಇಲ್ಲದವರು 'ಪಾಸ್' ಎನ್ನಬೇಕು, ಕೊನೆಗೆ ಉಳಿದ ಸವಾಲನ್ನು ಕೂಗಿದವರು ಆಡಿ ತೋರಿಸಬೇಕು. 'ನೋ ಟ್ರಂಪ್' ಎಂದರೆ ತುರುಫೇ ಬೇಡ, ನನ್ನ ಎಲ್ಲ ಬಣ್ಣವೂ ಗಟ್ಟಿ ಎಂಬ ಅರ್ಥ. ಸಾಹೇಬರು ಅದನ್ನು ಹೇಳುವ ರೀತಿಯಲ್ಲೇ ಫೈಲು ಮುಚ್ಚಿ ದಾರ ಕಟ್ಟಿದಂತಾಗುತ್ತಿತ್ತು. ನಾನು ಪಾಸ್, ನಮ್ಮವರು ಪಾಸ್, ವಕೀಲರು ಪಾಸ್. ಮೂರು ತಿಂಗಳು ಹೀಗೇ ನಡೆಯಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಮೌನ ನಿಜಕ್ಕೂ ಬಂಗಾರವಾಗಿದ್ದರೆ ಅದನ್ನು ಹೆಂಗಸರಿಗೆ ಇಷ್ಟು ಧಾರಾಳವಾಗಿ ಯಾರು ಬಿಟ್ಟುಕೊಡುತ್ತಿದ್ದರು?

ಒಂದು ಭಾನುವಾರ ನನ್ನ ಕೈಗೆ ಆರು ಇಸ್ಪೇಟು, ಐದು ಆಟೀನು ಬಂದವು. ಸಾಹೇಬರು ನೋ ಟ್ರಂಪ್ ಎಂದರು. ನಾನು ಪಾಸ್ ಎಂದೆ. ಆಟ ಮುಗಿದ ಮೇಲೆ ನೋಡಿದರೆ ವಕೀಲರ ಕೈಯಲ್ಲೂ ನಾಲ್ಕು ಇಸ್ಪೇಟು. ಇಸ್ಪೇಟನ್ನು ತುರುಫು ಮಾಡಿದ್ದರೆ ಸಾಹೇಬರ ಫೈಲು ನೆಲದ ಮೇಲೆ ಹರಡಿರುತ್ತಿತ್ತು. ನನಗೆ ಅಳು ಬಂತು. ಇಸ್ಪೀಟಿಗೆ ಅಳುವುದು ನಾಚಿಕೆಗೇಡು ಎಂದು ಗೊತ್ತಿದ್ದರೂ ಬಂತು.

ವಕೀಲರು ಮೆಟ್ಟಿಲ ಮೇಲೆ ಚಹಾ ಬಸಿಗೆ ಹುಯ್ದುಕೊಳ್ಳುತ್ತಾ ಕೇಳಿದರು, "ಯಾಕ ಬಾಯಿ ಬಿಡಲಿಲ್ಲ ತಂಗೆವ್ವ?"

"ಸಾಹೇಬ್ರು ಹೇಳಿಬಿಟ್ಟಿದ್ರಲ್ರೀ."

"ಅವ್ರು ಹೇಳಿದ್ದು ಅವ್ರ ಎಲಿ. ನಿನ್ನ ಎಲಿ ಯಾರು ಹೇಳಬೇಕು?"

ಶರಣಪ್ಪ ವಕೀಲರು ಮಸ್ಕಿಯವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಉರ್ದು. ಲಿಂಗಸುಗೂರಿನ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಉರ್ದುವಿನಲ್ಲೇ ವಾದ ಮಾಡಿ ಹೆಸರಾದವರು. ಈಗ ಹೊಸ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಬಲ್ಲ ಮಾತನ್ನೂ ನುಂಗಿಕೊಂಡು ಕೂಡುವುದು ಎಂಥದ್ದು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ವಾರ ಯಾರಿಂದಲೋ ಒಂದು ಹಳೆಯ ಬ್ರಿಜ್ ಪುಸ್ತಕ ಕಡ ತಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಎಲೆ ಹರಡಿಕೊಂಡು ನೋ ಟ್ರಂಪಿಗೆ ಎದುರು ಮಾತು ಹುಡುಕಲು ಕೂತೆವು.

ಇರುವ ಬಣ್ಣದ ಹೆಸರನ್ನೇ ನೇರ ಹೇಳುವುದು ಒಂದು ದಾರಿ. ಅದು ನನಗೆ ಹಿಡಿಸಿತು. ಆದರೆ 'ಎರಡು ಇಸ್ಪೇಟು' ಎಂದರೆ ಆಟೀನಿನ ಸುದ್ದಿ ಒಳಗೇ ಉಳಿಯುತ್ತದೆ. ಜೊತೆಗಾರನಿಗೆ ಆಟೀನು ಬೇಕಾಗಿದ್ದರೆ ಗತಿ ಏನು? ಇನ್ನೊಂದು ದಾರಿ ಸ್ವಲ್ಪ ವಕ್ರ. 'ಎರಡು ಕಳಾವರ' ಎನ್ನಬೇಕು. ಕೈಯಲ್ಲಿ ಕಳಾವರ ಇರಬೇಕಾಗಿಲ್ಲ. ನನ್ನ ಬಳಿ ಇಸ್ಪೇಟೂ ಉಂಟು, ಆಟೀನೂ ಉಂಟು, ನಿನಗೆ ಯಾವುದು ಬೇಕೋ ಆರಿಸು ಎಂಬುದು ಅದರ ಅರ್ಥ. ವಕೀಲರು ಇದನ್ನು ನನಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹೆಣಗಿದರು. ಪಾಪ, ನಾನು ಯಾವ ಮನೆಯ ಸೊಸೆ ಎಂದು ಅವರಿಗೇನು ಗೊತ್ತು? ನಮ್ಮ ಅತ್ತೆ ಪಂಕ್ತಿಯ ನಡುವೆ "ಬೆಕ್ಕು ಒಳಗ ಬಂತೇನ ನೋಡ್ರೇ" ಎಂದರೆ ರೊಟ್ಟಿ ಮುಗಿಯುತ್ತಾ ಬಂತು, ಮನೆಯವರು ಇನ್ನೊಂದು ಕೇಳಬೇಡಿ ಎಂದರ್ಥ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಇಂಥ ವಿದ್ಯೆಯನ್ನು ನಾನು ಹದಿನಾರನೆಯ ವಯಸ್ಸಿಗೇ ಮುಗಿಸಿದ್ದೆ.

ಆದರೆ ಅಡಿಗೆಮನೆಗೂ ಬ್ರಿಜ್ಜಿಗೂ ಒಂದು ವ್ಯತ್ಯಾಸವಿದೆ. ಬ್ರಿಜ್ಜಿನಲ್ಲಿ ಹೀಗೆ ಒಪ್ಪಂದ ಮಾಡಿಕೊಂಡರೆ ಅದನ್ನು ಎದುರಾಳಿಗೆ ಮುಂಚೆಯೇ ತಿಳಿಸಬೇಕು. ಕಿವಿ ತುರಿಸುವುದು, ಕೆಮ್ಮುವುದು ನಡೆಯದು. ಅಂದರೆ ನಾನು ಸಾಹೇಬರ ಮುಖಕ್ಕೆ, ನಿಮ್ಮ ನೋ ಟ್ರಂಪಿಗೆ ಇನ್ನು ಮೇಲೆ ನಾನು ಎದುರು ಮಾತಾಡುವವಳಿದ್ದೇನೆ ಎಂದು ಹೇಳಲೇಬೇಕು. ನನಗೆ ಆ ನಿಯಮವೇ ಆಟಕ್ಕಿಂತ ಹೆಚ್ಚು ಇಷ್ಟವಾಯಿತು.

ಹೇಳಿದೆ. ಯಜಮಾನರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಸಾಹೇಬರು ನಕ್ಕರು. "ಇಲ್ಲದ್ದು ಐತಿ ಅನ್ನೋದು. ಹೆಣ್ಮಕ್ಕಳಿಗೆ ಹೇಳಿ ಮಾಡಿಸಿದ್ದು ಬಿಡ್ರಿ."

ಎಲೆ ಬಿದ್ದವು. ಸಾಹೇಬರು ನೋ ಟ್ರಂಪ್ ಎಂದರು. ನನ್ನ ಕೈಯಲ್ಲಿ ಐದು ಇಸ್ಪೇಟು, ಐದು ಆಟೀನು, ಕಳಾವರ ಒಂದೇ ಒಂದು. "ಎರಡು ಕಳಾವರ" ಎಂದೆ. ನಮ್ಮವರು ಪಾಸ್. ಈಗ ವಕೀಲರು ಇಸ್ಪೇಟೋ ಆಟೀನೋ ಆರಿಸಬೇಕು. ಅಷ್ಟರಲ್ಲಿ ಸಾಹೇಬರು ಚಾಳೀಸಿನ ಮೇಲಿಂದ ಒಮ್ಮೆ ಅವರನ್ನು ದಿಟ್ಟಿಸಿದರು. ಇಪ್ಪತ್ತು ವರ್ಷ ನ್ಯಾಯಾಧೀಶರು ಹಾಗೆ ನೋಡಿದಾಗಲೆಲ್ಲ 'ಜೀ ಹುಜೂರ್' ಎಂದು ಕೂತ ಮನುಷ್ಯ, ಅಭ್ಯಾಸ ಬಿಟ್ಟೀತೆ? "ಪಾಸ್," ಎಂದುಬಿಟ್ಟರು. ಸಾಹೇಬರೂ ನಗುತ್ತಾ ಪಾಸ್.

ಒಂದೇ ಕಳಾವರ ಇಟ್ಟುಕೊಂಡು ಕಳಾವರದ ತುರುಫಿನಲ್ಲಿ ನಾನು ಆಡಬೇಕಾಯಿತು. ಐದು ಕೈ ಕಡಿಮೆ ಬಿದ್ದು ಸೋತೆ. ವಕೀಲರು ಹಣೆ ಒರೆಸಿಕೊಂಡು ಅರ್ಧ ವಿಭೂತಿ ಅಳಿಸಿಕೊಂಡರು. ಸಾಹೇಬರು ಎಲೆ ಕೂಡಿಸುತ್ತಾ, "ಇಂಥಾ ಗೂಢ ಮಾತು ನಮ್ಮ ಟೇಬಲ್ ಮ್ಯಾಲ ಬ್ಯಾಡ್ರೀ. ಮೊದಲಿನಂಗ ಪಾಸ್ ಅನ್ರಿ. ಆಗಂಗಿಲ್ಲಾಂದ್ರ ಆರಾಮ ಮನ್ಯಾಗಿರ್ರಿ," ಎಂದರು.

ಆ ವಾರವೆಲ್ಲ ನಮ್ಮವರು ಉಣ್ಣುವಾಗಲೂ ಅದನ್ನೇ ಹೇಳಿದರು. "ಒಂದು ಮಾತು ಬಿಟ್ರ ನಿನ್ನ ಗಂಟೇನು ಹೋಗ್ತದ? ಪಾಸ್ ಅಂದುಬಿಡು."

"ಸೋತಿದ್ದಕ್ಕ ಬೇಸರಿಲ್ರೀ ನನಗ. ಆದರ ಕೈ ತುಂಬ ಎಲಿ ಇಟ್ಕೊಂಡು ಇಲ್ಲ ಅನ್ನಂಗಿಲ್ಲ," ಎಂದೆ. ಅವರು "ಹೂಂ" ಎಂದರು. ಅವರ 'ಹೂಂ'ಗೆ ಅರ್ಥವಿರುತ್ತಿರಲಿಲ್ಲ. ಅದು ರೊಟ್ಟಿ ಮುರಿಯುವಾಗ ಬರುವ ಸದ್ದಿನಂಥದ್ದು.

ಭಾನುವಾರ ನಾನು ಹೋದೆ. ಮನೆಯಲ್ಲಿರಿ ಎಂದವರೇ ನಾಲ್ಕು ಕುರ್ಚಿ ಹಾಕಿಸಿ ಕಾಯುತ್ತಿದ್ದರು; ನಾಲ್ಕನೆಯ ಕೈ ಊರಲ್ಲಿ ಇನ್ನೆಲ್ಲಿತ್ತು? ಕೂತ ತಕ್ಷಣ ಹೇಳಿದೆ, "ಸಾಹೇಬ್ರ, ಹೋದ ವಾರ ಹೇಳಿದ್ದ ಈ ವಾರಾನೂ. ಎರಡು ಕಳಾವರ ಅಂದ್ರ ಇಸ್ಪೇಟು, ಆಟೀನು ಎರಡೂ ಅದಾವ. ಗೂಢ ಏನಿಲ್ಲ, ನಿಮ್ಮ ಮುಂದನ ಹೇಳೀನಿ."

ಸಾಹೇಬರು ಎಲೆ ಹಂಚಿದರು. ಕೈ ನೋಡಿಕೊಂಡು, ನನ್ನ ಕಡೆ ನೋಡದೆ, ಎಂದಿಗಿಂತ ನಿಧಾನವಾಗಿ "ಒಂದು ನೋ ಟ್ರಂಪ್" ಎಂದರು. ನಮ್ಮವರ ಕಡೆ ತಿರುಗಿ, "ನೀವು ಸುಮ್ಮನಿರ್ರಿ ಓವರ್‌ಸಿಯರ್, ನಾ ನೋಡ್ಕೋತೀನಿ," ಎಂದೂ ಸೇರಿಸಿದರು. ಆಟದ ನಡುವೆ ಜೊತೆಗಾರನಿಗೆ ಹಾಗೆ ಹೇಳುವುದೇ ನಿಯಮಕ್ಕೆ ವಿರುದ್ಧ. ಆದರೆ ಸಾಹೇಬರಿಗೆ ನಿಯಮ ಹೇಳುವವರು ಯಾರು?

"ಎರಡು ಕಳಾವರ," ಎಂದೆ. ಈ ಸಲವೂ ಇಸ್ಪೇಟು, ಆಟೀನು ಎರಡೂ ಇದ್ದವು, ಆದರೆ ಎಲ್ಲ ಸಣ್ಣಪುಟ್ಟ ಎಲೆ.

ನಮ್ಮವರು ಎಲೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಎಲೆ ನೋಡಿದರು. ಆಮೇಲೆ ಆ ಮೆತ್ತಗಿನ ಧ್ವನಿಯಲ್ಲೇ, ಆದರೆ ಸ್ಪಷ್ಟವಾಗಿ, "ಡಬಲ್" ಎಂದರು. ಎದುರಾಳಿಯ ಸವಾಲಿಗೆ ಡಬಲ್ ಎಂದರೆ, ಹೇಳಿದಷ್ಟು ನೀನು ಗೆಲ್ಲಲಾರೆ, ಗೆದ್ದು ತೋರಿಸು ಎಂದರ್ಥ. ಸೋತರೆ ಏಟು ಇಮ್ಮಡಿ.

ಸಾಹೇಬರು ಎಲೆಗಳನ್ನು ಮಗುಚಿಟ್ಟರು. "ಏನ್ರೀ, ಸುಮ್ಮನಿರ್ರಿ ಅಂದೆನಲ್ಲ?"

"ಹೌದ್ರೀ ಸಾಹೇಬ್ರ," ಎಂದರು ನಮ್ಮವರು. "ಆದರ ಆಕಿ ಮಾತಾಡ್ಯಾಳ. ಜವಾಬು ಕೊಡಬೇಕಲ್ರೀ."

ವಕೀಲರು ಈ ಸಲ ಸಾಹೇಬರ ಚಾಳೀಸಿನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಕೋರ್ಟಿಗೆ ಕೇಳುವಷ್ಟು ಜೋರಾಗಿ, "ಎರಡು ಇಸ್ಪೇಟು" ಎಂದರು. ಸಾಹೇಬರು ಪಾಸ್. ನಾನೂ ಪಾಸ್, ಹೇಳುವುದನ್ನು ಆಗಲೇ ಹೇಳಿಯಾಗಿತ್ತು. ನಮ್ಮವರು ಅದಕ್ಕೂ ಡಬಲ್ ಎಂದರು. ವಕೀಲರು ಬೆವರಿಳಿಸಿ ಆಡಿದರು. ಒಂದೇ ಕೈಯಿಂದ ಸೋತೆವು. ಪಾಸ್ ಎಂದಿದ್ದರೆ ಅಷ್ಟೂ ಸೋಲುತ್ತಿರಲಿಲ್ಲ ಎಂದು ಸಾಹೇಬರು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ನಾನು ಒಪ್ಪಿದೆ. ಮುಂದಿನ ವಾರವೂ ಎರಡು ಕಳಾವರ ಎನ್ನುತ್ತೇನೆ ಎಂದೂ ಹೇಳಿದೆ.

ಮನೆಗೆ ಬರುವ ದಾರಿಯುದ್ದಕ್ಕೂ ನಾವಿಬ್ಬರೂ ಜಗಳವಾಡಿದೆವು. ಅಂಥ ಸಣ್ಣ ಕೈ ಹಿಡಿದು ನಾನು ಬಾಯಿ ಹಾಕಬಾರದಿತ್ತು ಎಂದು ಅವರು; ಎರಡನೆಯ ಡಬಲ್ ಬರೀ ಹಟ ಎಂದು ನಾನು. ಎದುರು ಬಂದ ಬಂಡಿಯವನು ನಿಂತು ನೋಡಿದ. ಮದುವೆಯಾಗಿ ಏಳು ವರ್ಷವಾಗಿತ್ತು. ಅಷ್ಟು ವರ್ಷ ನಾನು ಏನು ಹೇಳಿದರೂ ಹೂಂ ಎಂದಿದ್ದ ಮನುಷ್ಯ, ಅವತ್ತು ನನ್ನ ಒಂದೊಂದು ಮಾತನ್ನೂ ಹಿಡಿದು, ಅಲ್ಲ, ತಪ್ಪು, ಹಾಗಲ್ಲ ಎನ್ನುತ್ತಿದ್ದರು. ನನಗೋ, ದಾರಿ ಇನ್ನೊಂದಿಷ್ಟು ಉದ್ದವಿರಬಾರದಿತ್ತೇ ಎನಿಸಿತು.