ರೆಕ್ಕೆಯ ಸಂದಿಯಲ್ಲಿ ನಾನು ಕೂಡಿಸಿದ ಪೈಪು

1961ರ ಬೇಸಗೆ. ಮದುವೆಯಾಗಿ ಮೂಡುಬಿದಿರೆಗೆ ಬಂದು ನನಗೆ ಐದು ತಿಂಗಳಾಗಿತ್ತಷ್ಟೆ. ನಮ್ಮವರು ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದು ಊರಿಗೆ ಮರಳಿದವರು. ಬಸ್ಸುಗಳ ಇಂಜಿನ್ ರಿಪೇರಿ ಅವರ ಕೆಲಸ. ಬಿಡುವಿದ್ದಾಗಲೆಲ್ಲ ಪಾಳುಬಿದ್ದ ಅಕ್ಕಿ ಗಿರಣಿಯೊಂದರ ಶೆಡ್ಡಿನಲ್ಲಿ ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟುತ್ತಿದ್ದರು. ಮರದ ಚೌಕಟ್ಟು, ಮೇಲೆ ಬಟ್ಟೆ. ಊರವರು ನಗುತ್ತಿದ್ದರು. ಮೊದಮೊದಲು ನನಗೂ ನಾಚಿಕೆಯೇ.

ಪೆಟ್ರೋಲ್ ಟಾಂಕಿ ರೆಕ್ಕೆಯೊಳಗಿತ್ತು. ಅಲ್ಲಿಂದ ಬರುವ ಕೊಳವೆಯನ್ನು ವಿಮಾನದ ಒಡಲಿನ ಕೊಳವೆಗೆ ಗೇಣುದ್ದದ ರಬ್ಬರ್ ಪೈಪಿನಿಂದ ಕೂಡಿಸಬೇಕು. ರೆಕ್ಕೆ ಜೋಡಿಸಿದ ಮೇಲೆ ನೋಡಿದರೆ ಆ ಸಂದಿಯಲ್ಲಿ ಅವರ ಕೈ ಹೋಗುವುದೇ ಇಲ್ಲ.

“ನಿನ್ನ ಕೈ ಸಣ್ಣದು. ಒಮ್ಮೆ ನೋಡು ಮಾರಾಯ್ತಿ,” ಅಂದರು. “ಪೈಪು ಎಳೆದು ಬಿಗಿಯಾಗಬಾರದು. ಹಾರುವಾಗ ರೆಕ್ಕೆ ಅಲುಗಾಡ್ತದೆ.”

ಬಳೆ ಮೇಲಕ್ಕೆ ಸರಿಸಿ ಕೈ ಹಾಕಿದೆ. ಬಲವಾಗಿ ಒತ್ತಿದ್ದಕ್ಕೆ ಪೈಪಿನ ತುದಿ ಸೀಳಿತು. ಬೊಂಬಾಯಿಯಿಂದ ಅದು ಬರಲು ಅವರು ಒಂದು ತಿಂಗಳು ಕಾದಿದ್ದರು. ಹೇಳಲು ಹೆದರಿಕೆಯಾಯಿತು. ಅವರು ಇಂಜಿನ್ ಕಡೆ ತಿರುಗಿದ್ದಾಗ ಸೀಳಿದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೂಡಿಸಿ, ಕ್ಲಿಪ್ಪು ಬಿಗಿದೆ.

“ಪೈಪು ಸ್ವಲ್ಪ ಸಡಿಲ ಉಂಟಲ್ಲ?” ಅಂತ ಕೇಳಿದರು.

“ಉಂಟು,” ಅಂದೆ.

ಪೆಟ್ರೋಲ್ ಹಾಕಿ ನೋಡಿದರು. ಒಂದು ಹನಿಯೂ ಸೋರಲಿಲ್ಲ. ನನಗೂ ಸಮಾಧಾನವಾಯಿತು.

ಆ ಭಾನುವಾರ ನಾಲ್ಕೈದು ಜನ ಸೇರಿ ವಿಮಾನವನ್ನು ಊರಾಚೆಯ ಪದವು ಎಂಬ ಬಯಲಿಗೆ ತಳ್ಳಿಕೊಂಡು ಹೋದರು. ಕೆಂಪು ಮುರಕಲ್ಲಿನ ಆ ಸಮತಟ್ಟು ನೆಲದಲ್ಲಿ ಓಡಿಸಿ ನೋಡುವುದು, ಸರಿ ಅನ್ನಿಸಿದರೆ ಸ್ವಲ್ಪ ಮೇಲೆ ಹಾರುವುದು ಅಂತ ಲೆಕ್ಕ. ದಾರಿಯ ಹೊಂಡಗಳಲ್ಲಿ ರೆಕ್ಕೆಯ ತುದಿ ಎದ್ದು ಬೀಳುವುದನ್ನು ಕಂಡಾಗಲೆಲ್ಲ ನನಗೆ ಆ ಗಿಡ್ಡ ಪೈಪಿನದೇ ನೆನಪು.

ಬಸ್ಸಿನ ಡ್ರೈವರ್ ಮೋನಪ್ಪಣ್ಣ ವಿಮಾನದ ಮೂತಿಯ ಪಂಕ ತಿರುಗಿಸಿದರು. ಇಂಜಿನ್ ಸ್ಟಾರ್ಟ್ ಆಯಿತು. ಒಳಗೆ ಕೂತ ನಮ್ಮವರು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಇಷ್ಟು ಜನರ ಎದುರು ಹೇಗೆ ಹೇಳುವುದು? ಆದರೂ ಕಾಲು ನಿಲ್ಲಲಿಲ್ಲ. ಹಿಂದಿನಿಂದ ಓಡಿಹೋಗಿ ಅವರ ಭುಜ ಹಿಡಿದೆ.

“ನಿಲ್ಲಿಸಿ! ಪೈಪು ಗಿಡ್ಡ ಉಂಟು. ನಾನೇ ತುಂಡು ಮಾಡಿದ್ದು. ನಿಮಗೆ ಸುಳ್ಳು ಹೇಳಿದೆ.”

ಇಂಜಿನ್ ನಿಂತಿತು. ಸಂದಿಗೆ ಕೈ ಹಾಕಿದೆ. ಅಂಗೈ ಒದ್ದೆಯಾಗಿ ಬಂತು. ಪೈಪು ಕೊಳವೆಯ ತುದಿಗೆ ಜಾರಿ ಬಂದಿತ್ತು. ನನ್ನ ಕೈ ಮೂಸಿ ನೋಡಿದ ಮೋನಪ್ಪಣ್ಣ, “ಇನ್ನೆರಡು ಸಲ ಕುಲುಕಿದ್ದರೆ ಕಳಚಿ ಹೋಗ್ತಿತ್ತು,” ಅಂದರು.

ವಿಮಾನವನ್ನು ಮತ್ತೆ ಶೆಡ್ಡಿಗೆ ತಳ್ಳಿ ತಂದರು. ಬೈಗುಳಕ್ಕೆ ಕಾಯುತ್ತಾ ಮೂಲೆಯಲ್ಲಿ ನಿಂತಿದ್ದೆ.

“ಅವತ್ತೇ ಹೇಳಬಹುದಿತ್ತಲ್ಲ,” ಅಂದರು. ಅಷ್ಟೆ.

ತಿಂಗಳ ಮೇಲೆ ಹೊಸ ಪೈಪು ಬಂತು. ಅದನ್ನು ನೇರ ನನ್ನ ಮುಂದೆ ಹಿಡಿದರು.

“ಬೇಡ, ಬೇರೆ ಯಾರಾದರೂ ಹಾಕಲಿ.”

“ನೀನೇ ಹಾಕು. ಅದು ಎಲ್ಲಿ ತಪ್ಪುತ್ತದೆ ಅಂತ ನಿನಗೆ ಗೊತ್ತುಂಟು. ಬೇರೆಯವರಿಗೆ ಗೊತ್ತಿಲ್ಲ.”

ಬಳೆ ಸರಿಸಿ ಕೈ ಹಾಕಿದೆ. ಮೂರು ಸಲ ಬಿಚ್ಚಿ ಕೂಡಿಸಿದೆ. ಮಳೆಗಾಲ ಹಿಡಿಯುವ ಮುಂಚೆ ಅವರು ಪದವಿನ ಮೇಲೆ ತೆಂಗಿನಮರದೆತ್ತರ ಏರಿ, ಒಂದು ನಿಮಿಷ ಹಾರಿ, ಕ್ಷೇಮವಾಗಿ ಇಳಿದರು.

ಅವರೀಗ ಇಲ್ಲ. ಅಂದು ನಾಲ್ಕು ಮಾತು ಬೈದಿದ್ದರೆ, ಅತ್ತು ಮರೆತುಬಿಡುತ್ತಿದ್ದೆನೋ ಏನೋ. ಬೈಯದೆ ಅದೇ ಕೆಲಸವನ್ನು ಮತ್ತೆ ನನ್ನ ಕೈಗೇ ಕೊಟ್ಟರಲ್ಲ, ಅದು ಇಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ.