ಕೈ ಇಟ್ಟು ನೋಡುವ

ನಮ್ಮ ಕಟ್ಟಡದ ಪ್ಲಂಬರ್ ಪುತ್ತೂರು ಕಡೆಯವರು. ಎಲ್ಲರಿಗೂ ಅವರು ಕಾಕ. ಚೀಲದಿಂದ ಸ್ಪ್ಯಾನರ್ ತೆಗೆಯುವ ಮೊದಲು ಪೈಪನ್ನು ಅಂಗೈಯಿಂದ ಸವರಿ, "ಕೈ ಇಟ್ಟು ನೋಡುವ" ಎನ್ನುತ್ತಿದ್ದರು.

ಹಾಸನದಿಂದ ಅಬುಧಾಬಿಗೆ ಬಂದ ನನಗೆ ಅದು ಮೊದಲ ಬೇಸಿಗೆ. ಮಗಳಿಗೆ ಎರಡು ತಿಂಗಳು. ಹೀಟರ್ ಆಫ್ ಮಾಡಿ ವಾರವಾಗಿದ್ದರೂ ಅದರ ಪೈಪು ಸೋರತೊಡಗಿತು.

"ಈ ಸೆಕೇಲಿ ಹೀಟರ್ ಯಾರಿಗೆ ಬೇಕು ಕಾಕ? ಆ ಲೈನೇ ಬಂದ್ ಮಾಡಿಬಿಡಿ. ಮಗೂಗೆ ಸ್ನಾನ ಮಾಡಿಸ್ಬೇಕು" ಎಂದೆ.

ಕಾಕ ತಣ್ಣೀರಿನ ನಲ್ಲಿ ತಿರುಗಿಸಿದರು. "ಕೈ ಇಟ್ಟು ನೋಡುವ, ಅಕ್ಕ."

ಇಟ್ಟವಳೇ ಹಿಂದಕ್ಕೆಳೆದುಕೊಂಡೆ. ಬೆಳಿಗ್ಗೆ ಹದವಾಗಿದ್ದ ನೀರು ಈಗ ಸುಡುತ್ತಿತ್ತು.

"ಮೇಲೆ ಟ್ಯಾಂಕ್ ಬಿಸಿಲಲ್ಲಿ ಉಂಟಲ್ಲ? ಇನ್ನು ಮೂರು ನಾಲ್ಕು ತಿಂಗಳು ಹೀಗೇ. ಎ.ಸಿ. ಮನೆಯೊಳಗೆ ಆಫ್ ಮಾಡಿದ ಹೀಟರಲ್ಲಿ ನಿಂತ ನೀರು ಮಾತ್ರ ತಣ್ಣಗೆ. ಅದನ್ನೂ ಬಂದ್ ಮಾಡಿದ್ರೆ ಮಗುವಿಗೆ ಎಂತ ಮಾಡ್ತೀರಿ?"

ಅವರು ಹೀಟರಿನ ನೀರನ್ನು ಬಕೆಟ್ಟಿಗೆ ತುಂಬಿಸಿ, ಮೊಣಕೈ ಅದ್ದಿ ನೋಡಿ, ನನ್ನತ್ತ ಸರಿಸಿದರು. "ಮೊದಲು ಸ್ನಾನ ಆಗಲಿ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಮಗಳು ಮಿಂದು ಮಲಗಿದ ಮೇಲೆಯೇ ಒಳಬಂದು ಪೈಪು ಬದಲಿಸಿದ್ದು.

ಕಾಕ ಊರಿಗೆ ಮರಳಿ ವರ್ಷಗಳಾದವು. ಅಷ್ಟರಲ್ಲಿ ಮಗಳ ಸ್ನಾನದ ನೀರಿಗೆ ಅವರ ಮಾತನ್ನೇ ಹೇಳಿ ಕೈ ಇಡುವುದು ನನಗೂ ರೂಢಿಯಾಗಿತ್ತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ಬಚ್ಚಲಿಗೆ ಹೋದಾಗ ಮಾತ್ರ ನಲ್ಲಿ ತಿರುಗಿಸಿ, ಥೇಟ್ ಪುತ್ತೂರಿನವಳ ಹಾಗೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: "ಕೈ ಇಟ್ಟು ನೋಡುವ."