ಹೊಂಡದ ಫೋಟೋ ಹುಡುಕಿದ ಹರಿಣಾಕ್ಷಿಯಕ್ಕ

ಹರಿಣಾಕ್ಷಿಯಕ್ಕ ನಮ್ಮ ವಾರ್ಡಿನ ಪಂಚಾಯತ್ ಸದಸ್ಯೆ. ಓದುವುದೆಂದರೆ ಅವರಿಗೆ ಒಂದು ಚಟ. ಕಥೆ, ಕಾದಂಬರಿ ಅಲ್ಲ. ಮಾತ್ರೆಯ ಪೆಟ್ಟಿಗೆಯೊಳಗೆ ಮಡಚಿಟ್ಟ ಸಣ್ಣ ಅಕ್ಷರದ ಕಾಗದ, ಗ್ಯಾಸಿನ ರಶೀದಿಯ ಹಿಂಬದಿ, ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೆ ಬರೆದ ಸೂಚನೆ, ಇಂಥವು. ಮಿಕ್ಸಿ ತಂದ ದಿನ ಅದರ ಪುಸ್ತಕ ಓದಿ ಮುಗಿಯುವವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ; ಅಂದಿನ ಮಸಾಲೆ ಕಡೆಯುವ ಕಲ್ಲಿನಲ್ಲೇ ಆಯಿತು. ಗಂಡ ಯೋಗೀಶಣ್ಣ ಮಲ್ಪೆಯ ಒಂದು ಬೋಟಿನಲ್ಲಿ ಚಾಲಕ, ಹತ್ತು ದಿನ ಕಡಲಿನಲ್ಲಿದ್ದರೆ ಮೂರು ದಿನ ಮನೆಯಲ್ಲಿ. "ನನ್ನ ಜಾತಕವೊಂದನ್ನು ಮಾತ್ರ ಅವಳು ಸರಿಯಾಗಿ ಓದಲಿಲ್ಲ, ಹಾಗಾಗಿ ನಾನು ಬಚಾವಾದೆ" ಎಂದು ಅವರು ಹೇಳುವುದುಂಟು.

ಕಾಪು ಮತ್ತು ಪಡುಬಿದ್ರಿಯ ನಡುವೆ ಹೆದ್ದಾರಿಯಿಂದ ಕಡಲಿಗೆ ಇಳಿಯುವ ನಮ್ಮ ರಸ್ತೆಗೆ ರಾಜ್ಯ ಸರಕಾರದ ಅನುದಾನ ಮಂಜೂರಾದಾಗ, ಅದರ ಜೊತೆ ಹತ್ತೊಂಬತ್ತು ಪುಟಗಳ ಮಾರ್ಗಸೂಚಿಯೂ ಬಂತು. ಉಳಿದ ಸದಸ್ಯರು ಕೊನೆಯ ಪುಟದ ಮೊತ್ತ ನೋಡಿ ಸಹಿ ಹಾಕಿ ಚಹಾ ಕುಡಿಯಲು ಹೋದರು. ಹರಿಣಾಕ್ಷಿಯಕ್ಕ ಅದನ್ನು ಮನೆಗೆ ಒಯ್ದರು. ಒಂದು ವಾರದಲ್ಲಿ ಪುಟಗಳಿಗೆ ಅರಿಶಿನದ ಕಲೆ ಆಗಿತ್ತು, ನಿಯಮಗಳೆಲ್ಲ ಅಕ್ಕನಿಗೆ ಬಾಯಿಪಾಠ ಆಗಿತ್ತು. ಕೆಲಸ ಶುರುವಾಗುವ ಮೊದಲೇ ನಾಮಫಲಕ ಇರಬೇಕು. ರಸ್ತೆಯ ಅಂಚಿನ ಮನೆಯವರಿಂದ ಒಪ್ಪಿಗೆ ಪತ್ರ ಬೇಕು. ಒಂದೇ ಜಾಗದಿಂದ ಮೂರು ಫೋಟೋ ಬೇಕು: ಕೆಲಸಕ್ಕೆ ಮೊದಲು, ನಡೆಯುವಾಗ, ಮುಗಿದ ಮೇಲೆ. ಫೋಟೋದಲ್ಲಿ ಸ್ಥಳ ಮತ್ತು ದಿನಾಂಕ ದಾಖಲಾಗಿರಬೇಕು. ಹೊರಗಿನ ತಜ್ಞರು ಬಂದು ತಪಾಸಣೆ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಎರಡನೇ ಕಂತು ಬರುವುದಿಲ್ಲ.

ಗುತ್ತಿಗೆದಾರ ಶೇಖರ ಒಳ್ಳೆಯವನೇ, ಆದರೆ ಕಾಗದ ಕಂಡರೆ ಅವನಿಗೆ ಆಗುವುದಿಲ್ಲ. ಅಕ್ಕ ಅವನ ಕೈಗೆ ಪಟ್ಟಿ ಕೊಟ್ಟಾಗ ನಕ್ಕುಬಿಟ್ಟ.

"ಅಕ್ಕಾ, ನಾನು ಇಪ್ಪತ್ತು ವರ್ಷದಿಂದ ರಸ್ತೆ ಮಾಡಿಕೊಂಡು ಬಂದವ."

"ರಸ್ತೆ ಮಾಡಿದ್ದೀರಿ ಶೇಖರಣ್ಣ. ನಿಯಮ ಪ್ರಕಾರ ಮಾಡಿದ್ದೀರಾ?"

"ಅದೆಂತ ಬೇರೆ ಉಂಟಾ?"

ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಮೊದಲಿನ ಫೋಟೋ ತೆಗೆಯುವ ಕೆಲಸವನ್ನು ಹರಿಣಾಕ್ಷಿಯಕ್ಕ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆಯೇ ಸೀರೆ ಸೆರಗು ಸಿಕ್ಕಿಸಿಕೊಂಡು ಹೆದ್ದಾರಿಯಿಂದ ಕಡಲಿನವರೆಗೆ ಒಂದೊಂದು ಹೊಂಡದ ಎದುರು ನಿಂತು, ನಾಯಿ ಅಡ್ಡ ಬಂದರೆ ಓಡಿಸಿ, ನೆರಳು ಬಿದ್ದರೆ ಸರಿದು, ಮೂವತ್ತೆರಡು ಫೋಟೋ ತೆಗೆದರು. ಮರುದಿನ ಜೆಸಿಬಿ ಬಂದು ಹಳೆಯ ಡಾಮರನ್ನೆಲ್ಲ ಅಗೆದು ಹಾಕಿತು. ವಾರ ಕಳೆಯುವುದರೊಳಗೆ ಮೇಲಿನ ಅರ್ಧಕ್ಕೆ ಕಾಂಕ್ರೀಟೂ ಬಿತ್ತು.

ಆಮೇಲೆ ಪಂಚಾಯತ್ ಕಚೇರಿಯಲ್ಲಿ ಪಿಡಿಒ ಪ್ರವೀಣ್ ಆ ಫೋಟೋಗಳನ್ನು ಸರಕಾರದ ಪೋರ್ಟಲ್‌ಗೆ ಹಾಕಲು ಕುಳಿತರು. ಒಂದನ್ನೂ ಅದು ತೆಗೆದುಕೊಳ್ಳಲಿಲ್ಲ.

"ಮೇಡಂ, ಇದರಲ್ಲಿ ಸ್ಥಳವೇ ಇಲ್ಲ."

"ಸ್ಥಳ ಇಲ್ಲದೆ ಹೊಂಡ ಎಲ್ಲಿಂದ ಬರ್ತದೆ ಸರ್? ನಮ್ಮದೇ ಹೊಂಡ. ಪ್ರತಿಯೊಂದೂ ನನಗೆ ಗೊತ್ತುಂಟು."

"ನಿಮಗೆ ಗೊತ್ತುಂಟು. ಪೋರ್ಟಲ್‌ಗೆ ಗೊತ್ತಿಲ್ಲ. ನಿಮ್ಮ ಫೋನಿನಲ್ಲಿ ಲೊಕೇಶನ್ ಆಫ್ ಇತ್ತು."

ಲೊಕೇಶನ್ ಇದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದು ಯಾವಾಗಲೋ ಯೋಗೀಶಣ್ಣ ಹೇಳಿದ್ದರು, ಅಕ್ಕ ಅದನ್ನು ಆಫ್ ಮಾಡಿ ಮರೆತಿದ್ದರು. ಊರಿಗೆಲ್ಲ ನಿಯಮ ಹೇಳಿದವರೇ ನಿಯಮದಲ್ಲಿ ಸಿಕ್ಕಿಬಿದ್ದರು. ಆ ದಿನ ಅವರು ಚಹಾ ಕುಡಿಯದೆ ಮನೆಗೆ ಹೋದರೆಂದು ಕಚೇರಿಯ ಗುಮಾಸ್ತರು ಇಂದಿಗೂ ಹೇಳುತ್ತಾರೆ.

ಸುದ್ದಿ ಕೇಳಿ ಶೇಖರ ಓಡಿಬಂದ. ಅವನಿಗೆ ಇದು ಕಷ್ಟವೇ ಅಲ್ಲ.

"ಅಕ್ಕಾ, ತಲೆಬಿಸಿ ಬೇಡ. ಕಡಲಿನ ಹತ್ತಿರ ಇನ್ನೂ ಕಾಂಕ್ರೀಟ್ ಹಾಕಲಿಲ್ಲ. ಅಲ್ಲಿ ನಾನೊಂದು ಒಳ್ಳೆಯ ಹೊಂಡ ಮಾಡಿಸಿ ಕೊಡ್ತೇನೆ. ನೀರು ಬೇಕಾದರೆ ಟ್ಯಾಂಕರಿನಿಂದ ಬಿಡುವ. ನೀವು ಫೋಟೋ ತೆಗೆಯಿರಿ."

"ಸುಳ್ಳು ಹೊಂಡವಾ?"

"ಹೊಂಡದಲ್ಲಿ ಸುಳ್ಳು ಎಂತದು, ಸತ್ಯ ಎಂತದು ಮಾರಾಯ್ರೆ? ಬಿದ್ದರೆ ಕಾಲು ಮುರಿಯುವುದು ಒಂದೇ ಅಲ್ವಾ?"

ಹರಿಣಾಕ್ಷಿಯಕ್ಕ ಒಪ್ಪಲಿಲ್ಲ. ಮರುದಿನ ಬಸ್ಸು ಹತ್ತಿ ಉಡುಪಿಗೆ, ಅಲ್ಲಿಂದ ಮಣಿಪಾಲದ ಜಿಲ್ಲಾ ಕಚೇರಿಗೆ ಹೋದರು. ಅಲ್ಲಿದ್ದ ಇಂಜಿನಿಯರ್ ಹೆಂಗಸು ಪೂರ್ತಿ ಕಥೆ ಕೇಳಿ, ನಗು ತಡೆದುಕೊಂಡು, ಒಂದು ದಾರಿ ಹೇಳಿದರು. ಕೆಲಸ ಶುರುವಾಗುವ ಮೊದಲಿನ ಒಂದು ವರ್ಷದಲ್ಲಿ ಊರಿನವರು ಯಾರಾದರೂ ತೆಗೆದ ಫೋಟೋ ಇದ್ದರೆ ಆಗುತ್ತದೆ, ತೆಗೆದವರ ಹೇಳಿಕೆ ಬೇಕು. ಆದರೆ ವಾಟ್ಸಾಪಿನಲ್ಲಿ ಬಂದದ್ದು ಬೇಡ, ಅದರಲ್ಲಿ ಸ್ಥಳ ಅಳಿಸಿ ಹೋಗಿರುತ್ತದೆ. ತೆಗೆದ ಫೋನಿನಲ್ಲಿರುವ ಮೂಲ ಫೋಟೋವೇ ಬೇಕು.

ಹೀಗೆ ನಮ್ಮ ಮನೆಮನೆಗೆ ಹೊಂಡದ ಫೋಟೋ ಕೇಳಿಕೊಂಡು ಹರಿಣಾಕ್ಷಿಯಕ್ಕ ಬಂದರು. ಹತ್ತು ವರ್ಷ ಆ ಹೊಂಡಗಳಿಗೆ ಬೈದವರು ನಾವು, ಒಬ್ಬರ ಹತ್ತಿರವೂ ಅವುಗಳ ಚಿತ್ರ ಇರಲಿಲ್ಲ. ಹೊಸ ಸ್ಕೂಟರಿಗೆ ಮಾಲೆ ಹಾಕಿ ತೆಗೆದದ್ದು ಇತ್ತು. ಸ್ಕೂಟರಿನ ಚಕ್ರದವರೆಗೆ ಮಾತ್ರ. ಮಗುವಿನ ಹುಟ್ಟುಹಬ್ಬದ್ದು ಇತ್ತು. ರಸ್ತೆ ಬೆನ್ನಿನ ಹಿಂದೆ. ನಮ್ಮ ಮನೆಯ ಮದುವೆ ಆಲ್ಬಮ್ಮಿನಲ್ಲಿ ದಿಬ್ಬಣ ಸರಿಯಾಗಿ ದೊಡ್ಡ ಹೊಂಡದ ಪಕ್ಕದಲ್ಲೇ ನಿಂತಿತ್ತು, ಆದರೆ ಫೋಟೋಗ್ರಾಫರ್ ಚಂದ ಕಾಣಲಿ ಎಂದು ಕಂಪ್ಯೂಟರಿನಲ್ಲಿ ಹೊಂಡ ಮುಚ್ಚಿ ಅದರ ಮೇಲೆ ಗುಲಾಬಿ ದಳ ಚೆಲ್ಲಿದ್ದ. ಅದನ್ನು ಕಂಡು ಅಕ್ಕನಿಗೆ ಅಳು ಬರುವುದೊಂದು ಬಾಕಿ.

ಫೋಟೋ ಯಾರ ಹತ್ತಿರ ಉಂಟೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಅಕ್ಕ ಆ ಒಂದು ಗೇಟು ಬಿಟ್ಟು ಉಳಿದ ಮನೆಗಳನ್ನೇ ಸುತ್ತಿದರು.

ಫೋಟೋ ಇದ್ದದ್ದು ಲಿಯೋನೆಲಣ್ಣನ ಹತ್ತಿರ. ಅವರು ಮಸ್ಕತ್‌ನಲ್ಲಿ ಇಪ್ಪತ್ತೆಂಟು ವರ್ಷ ರಸ್ತೆ ಮಾಡುವ ಕಂಪೆನಿಯಲ್ಲಿ ರೋಲರ್ ಓಡಿಸಿ, ನಿವೃತ್ತರಾಗಿ ಊರಿಗೆ ಬಂದವರು. ಅವರ ಗೇಟಿನ ಎದುರು ನಮ್ಮ ರಸ್ತೆಯ ಅತಿ ದೊಡ್ಡ ಹೊಂಡ ಇತ್ತು. ಹೋದ ಜುಲೈಯಲ್ಲಿ ಒಂದು ದಿನ ಅವರು ಅದರ ಅಂಚಿನಲ್ಲಿ ಮೀನು ಹಿಡಿಯುವ ಗಾಳ ಊರಿ, ಕಂಪೌಂಡಿನ ಹಿಂದೆ ಫೋನ್ ಹಿಡಿದು ಕಾದು ಕುಳಿತಿದ್ದರು. ಆ ಹೊತ್ತಿಗೆ ಸರಿಯಾಗಿ ಹರಿಣಾಕ್ಷಿಯಕ್ಕ ಕೊಡೆ ಹಿಡಿದು ಬಂದು, ನೀರು ದಾಟಲು ಹಾರಿದರು. ಒಂದು ಚಪ್ಪಲಿ ನೀರಿನಲ್ಲೇ ಉಳಿಯಿತು. ಐದು ನಿಮಿಷದಲ್ಲಿ ವಾರ್ಡಿನ ವಾಟ್ಸಾಪ್ ಗುಂಪಿಗೆ ಫೋಟೋ ಬಂತು: "ಮಾನ್ಯ ಸದಸ್ಯರಿಂದ ಕೆರೆ ವೀಕ್ಷಣೆ." ಆರನೇ ನಿಮಿಷದಲ್ಲಿ ಗುಂಪಿನ ಅಡ್ಮಿನ್ ಹರಿಣಾಕ್ಷಿಯಕ್ಕ ಲಿಯೋನೆಲಣ್ಣನನ್ನು ಹೊರಗೆ ಹಾಕಿದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಅಕ್ಕ ಎರಡು ದಿನ ಯೋಚನೆ ಮಾಡಿದರು. ಕಡಲಿನಿಂದ ಬಂದಿದ್ದ ಯೋಗೀಶಣ್ಣ ಎಂಟು ಬಂಗುಡೆ ಮೀನು ಕಟ್ಟಿಕೊಟ್ಟು, "ಹೋಗು, ಅವರು ಕಚ್ಚುವುದಿಲ್ಲ" ಎಂದರು.

ಬಾಗಿಲು ತೆರೆದದ್ದು ಲಿಯೋನೆಲಣ್ಣನ ಹೆಂಡತಿ ಪ್ರೆಸಿಲ್ಲಾ ಬಾಯಿ. ಬಂಗುಡೆ ನೋಡಿ ಅವರ ಮುಖ ಅರಳಿತು. ಒಳಗಿದ್ದ ಲಿಯೋನೆಲಣ್ಣ ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ.

"ಲಿಯೋನೆಲಣ್ಣ, ಒಂದು ಫೋಟೋ ಬೇಕಿತ್ತು."

"ಯಾವುದು? ನನ್ನ ಫೋನಿನಲ್ಲಿ ನಾಲ್ಕು ಸಾವಿರ ಉಂಟು."

"ಅದೇ... ಮಳೆಗಾಲದ್ದು."

"ಮಳೆಗಾಲದ್ದೇ ಇನ್ನೂರು ಉಂಟು. ಅದರಲ್ಲಿ ಎಂತ ಕಾಣ್ತದೆ?"

"ಹೊಂಡ."

"ಹೊಂಡ ಮಾತ್ರವಾ?"

ಹರಿಣಾಕ್ಷಿಯಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿಕೊಂಡು ಹೇಳಿದರು: "ನಾನೂ ಇದ್ದೇನೆ."

"ನಿಂತುಕೊಂಡಾ?"

"ಹಾರಿಕೊಂಡು."

"ಸಾಕು ಮಾಡಿ ನಿಮ್ಮದು!" ಎಂದು ಅಡುಗೆಮನೆಯಿಂದ ಪ್ರೆಸಿಲ್ಲಾ ಬಾಯಿ ಗದರಿದರು. "ಆ ಹೆಂಗಸು ಮನೆ ಬಾಗಿಲಿಗೆ ಬಂದದ್ದೇ ದೊಡ್ಡದು. ಕೊಡಿ ಅವರಿಗೆ."

ಲಿಯೋನೆಲಣ್ಣ ಫೋನ್ ತೆರೆದರು. ಫೋಟೋ ಇತ್ತು, ಸ್ಥಳವೂ ದಿನಾಂಕವೂ ಇತ್ತು. ಕೊಡುವ ಮೊದಲು, ಇಷ್ಟಕ್ಕೆಲ್ಲ ಕಾರಣವಾದ ಆ ಮಾರ್ಗಸೂಚಿಯನ್ನು ಒಮ್ಮೆ ನೋಡಬೇಕೆಂದರು. ಅಕ್ಕ ಚೀಲದಿಂದ ತೆಗೆದುಕೊಟ್ಟರು. ಅವರು ಕನ್ನಡಕ ಹಾಕಿ ಮೊದಲ ಪುಟದಿಂದ ಶುರುಮಾಡಿದರು. ಎಂಟನೇ ಪುಟದಲ್ಲಿ ನಿಂತು, "ಹೊಸ ಕಾಂಕ್ರೀಟಿನ ಮೇಲೆ ಇಪ್ಪತ್ತೊಂದು ದಿನ ನೀರು ನಿಲ್ಲಿಸಬೇಕು ಅಂತ ಉಂಟು. ಶೇಖರ ಗೋಣಿ ಹಾಸಿ ನಾಲ್ಕು ದಿನ ನೀರು ಹೊಡೆದು ಹೋದ" ಎಂದರು.

"ಏಳು ದಿನ ಆಯಿತು ಎಂದನಲ್ಲ ನನ್ನ ಹತ್ತಿರ!"

"ನೀವು ಫೋಟೋ ಹುಡುಕಲು ಹೋಗಿದ್ದಿರಿ. ನಾನು ಗೇಟಿನಲ್ಲಿ ಕೂತು ಲೆಕ್ಕ ಮಾಡಿದ್ದೇನೆ."

ಅಷ್ಟು ಸಣ್ಣ ಅಕ್ಷರವನ್ನು ತಾನಾಗಿ ಓದುವ ಇನ್ನೊಬ್ಬರು ಆ ರಸ್ತೆಯಲ್ಲೇ ಇದ್ದಾರೆಂದು ಹರಿಣಾಕ್ಷಿಯಕ್ಕನಿಗೆ ಅಂದೇ ಗೊತ್ತಾದದ್ದು. ಮಧ್ಯಾಹ್ನದವರೆಗೆ ಇಬ್ಬರೂ ಒಂದೊಂದು ನಿಯಮ ಹಿಡಿದು ಜಗಳವಾಡಿದರು. ಬಂಗುಡೆ ಸಾರಿನಲ್ಲಿ ಊಟವೂ ಅಲ್ಲೇ ಆಯಿತು.

ತಮಾಷೆ ಮುಗಿದಿರಲಿಲ್ಲ. ಹೇಳಿಕೆ ಬರೆಯಲು ಪಂಚಾಯತ್‌ಗೆ ಬಂದ ಲಿಯೋನೆಲಣ್ಣ, "ಸದರಿ ಸದಸ್ಯರು ಹೊಂಡವನ್ನು ದಾಟಲು ಪ್ರಯತ್ನಿಸುತ್ತಿರುವಾಗ" ಎಂದು ಬರೆದರು. "ದಾಟುತ್ತಿರುವಾಗ" ಎಂದು ಬರೆಯಿರಿ ಎಂದರು ಅಕ್ಕ.

"ಚಪ್ಪಲಿ ನೀರಿನಲ್ಲೇ ಉಳಿದಿತ್ತಲ್ಲ? ಪೂರ್ತಿ ದಾಟಿದ ಹಾಗೆ ಹೇಗಾಯಿತು?"

"ನಾನು ದಾಟಿದ್ದೇನೆ. ಚಪ್ಪಲಿ ಸದಸ್ಯ ಅಲ್ಲ."

ಪಿಡಿಒ ಪ್ರವೀಣ್ ನಡುವೆ ಬಂದು, ಅಕ್ಕನ ಭಾಗ ಕತ್ತರಿಸಿ ಹೊಂಡವನ್ನು ಮಾತ್ರ ಇಟ್ಟರೆ ಹೇಗೆ ಎಂದು ಕೇಳಿದರು. ಈ ಸಲ ಅಕ್ಕನೇ ಬೇಡವೆಂದರು; ಫೋಟೋವನ್ನು ಯಾವ ರೀತಿಯಲ್ಲೂ ತಿದ್ದಬಾರದೆಂದು ಹನ್ನೊಂದನೇ ಪುಟದಲ್ಲಿ ಇದೆಯಂತೆ. ಹಾಗಾಗಿ ಕೊಡೆ, ಗಾಳ, ಒಂದು ಬರಿಗಾಲು ಎಲ್ಲದರ ಸಮೇತ ಹರಿಣಾಕ್ಷಿಯಕ್ಕ ಸರಕಾರದ ಕಡತ ಸೇರಿದರು. ಉಳಿದ ಎರಡು ಫೋಟೋಗಳೂ ಅದೇ ಜಾಗದಿಂದ ಬೇಕಲ್ಲ, ಲಿಯೋನೆಲಣ್ಣ ಅಡಗಿ ಕೂತ ಕಂಪೌಂಡಿನ ಮೂಲೆಗೆ ಕೆಂಪು ಬಣ್ಣದ ಗುರುತು ಬಿತ್ತು.

ಶೇಖರನ ಕಷ್ಟ ಆಗ ಶುರುವಾಯಿತು. ಮೊದಲು ಒಬ್ಬರೇ ಇದ್ದರು, ಈಗ ಇಬ್ಬರು. ಬೆಳಿಗ್ಗೆ ಅಕ್ಕ ಟೇಪು ಹಿಡಿದು ಬರುವುದು, ಸಂಜೆ ಲಿಯೋನೆಲಣ್ಣ ಗೋಣಿ ಒದ್ದೆಯಾಗಿದೆಯಾ ಎಂದು ಮುಟ್ಟಿ ನೋಡುವುದು. "ನನ್ನ ಮಾವನ ಮನೆಯವರೂ ಇಷ್ಟು ತನಿಖೆ ಮಾಡಲಿಲ್ಲ" ಎಂದು ಅವನು ನಮ್ಮ ಅಂಗಳದಲ್ಲಿ ಕೂತು ದೂರಿಕೊಂಡ. ಆದರೂ ನೀರು ಹೊಡೆದ.

ಫೆಬ್ರವರಿಯಲ್ಲಿ ತಪಾಸಣೆಗೆಂದು ಕಾರ್ಕಳದ ಕಡೆಯಿಂದ ಮೂವರು ಬಂದರು. ಕಾಂಕ್ರೀಟಿಗೆ ಯಂತ್ರ ಇಟ್ಟು ಉದ್ದ ಬಾಟಲಿಯಂಥ ತುಂಡು ಕೊರೆದು ತೆಗೆದು ದಪ್ಪ ಅಳೆಯುವುದು ಅವರ ಕೆಲಸ. ಎಲ್ಲಿ ಕೊರೆಯುವ ಎಂದು ಕೇಳಿದಾಗ ಶೇಖರ ಹೆದ್ದಾರಿಯ ಹತ್ತಿರದ ನುಣುಪಾದ ಜಾಗ ತೋರಿಸಿದ.

"ಇಲ್ಲಿ ಅಲ್ಲ" ಎಂದು ಎರಡು ಸ್ವರ ಒಟ್ಟಿಗೆ ಬಂತು.

ಇಬ್ಬರೂ ತೋರಿಸಿದ್ದು ಲಿಯೋನೆಲಣ್ಣನ ಗೇಟಿನ ಎದುರು. ಅಕ್ಕ ಮಣಿಪಾಲಕ್ಕೆ ಹೋದ ದಿನ ಕಾಂಕ್ರೀಟ್ ಬಿದ್ದ ಜಾಗ ಅದು. ಕೊರೆದು ನೋಡಿದರೆ ದಪ್ಪ ಎರಡು ಬೆರಳು ಕಡಿಮೆ. ತಂಡದ ಹಿರಿಯರು ಶೇಖರನ ಮುಖ ನೋಡಿದರು, ಶೇಖರ ಕಡಲಿನ ದಿಕ್ಕು ನೋಡಿದ. ಆ ದಿನ ಸಿಮೆಂಟಿನ ಲಾರಿ ತಡವಾಗಿ ಬಂದದ್ದು, ಕತ್ತಲಾಗುವ ಮೊದಲು ಮುಗಿಸಲು ತೆಳುವಾಗಿ ಎಳೆದು ಹಾಕಿದ್ದು ನಿಜ ಎಂದು ಒಪ್ಪಿಕೊಂಡ. ಬೇರೆ ಏಳು ಕಡೆ ಕೊರೆದರು. ಎಲ್ಲವೂ ಸರಿ ಇತ್ತು. ಗೇಟಿನ ಎದುರಿನ ಹನ್ನೆರಡು ಅಡಿ ಒಡೆದು ಹೊಸದಾಗಿ ಹಾಕಬೇಕು, ಆಮೇಲೆ ವರದಿ ಎಂದರು.

"ನಿಮ್ಮದೇ ಗೇಟು ಅಲ್ವಾ? ಇನ್ನು ಮೂರು ವಾರ ಸ್ಕೂಟರ್ ಹೊರಗೆ ಬರುವುದಿಲ್ಲ. ಗೊತ್ತಿದ್ದೇ ತೋರಿಸಿದಿರಾ?" ಎಂದು ಅವರಲ್ಲೊಬ್ಬರು ಲಿಯೋನೆಲಣ್ಣನನ್ನು ಕೇಳಿದರು.

"ಕೊನೆಗೆ ಅದರ ಮೇಲೆ ನಡೆಯುವುದು ನಾವೇ ಅಲ್ವಾ?" ಎಂದರು ಅವರು.

ಒಡೆಯುವ ಮೊದಲು ಸ್ಕೂಟರನ್ನು ಹರಿಣಾಕ್ಷಿಯಕ್ಕನ ಅಂಗಳದಲ್ಲಿ ತಂದಿಟ್ಟರು. ಶೇಖರ ಆ ತುಂಡನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಟ್ಟ, ಇಪ್ಪತ್ತೊಂದೂ ದಿನ ನೀರು ಕಟ್ಟಿ ನಿಲ್ಲಿಸಿದ. ವರದಿ ಹೋಯಿತು, ಮಾರ್ಚ್ ಮುಗಿಯುವ ಮೊದಲು ಎರಡನೇ ಕಂತೂ ಬಂತು. ಆ ಸಲ ಜಿಲ್ಲೆಗೆ ಹೋದ ಎಷ್ಟೋ ಕಡತಗಳಲ್ಲಿ ಒಂದು ಪ್ರಶ್ನೆಯೂ ಇಲ್ಲದೆ ದಾಟಿದ್ದು ನಮ್ಮದೊಂದೇ ಎಂದು ಪ್ರವೀಣ್ ಹೇಳಿದರು. ನಾವು ಅದರಲ್ಲಿ ಅರ್ಧ ನಂಬಿದೆವು.

ಗೇಟು ತೆರೆದ ದಿನ ಲಿಯೋನೆಲಣ್ಣ ಸ್ಕೂಟರ್ ಒಯ್ಯಲು ಬಂದರೆ ಅದು ಮಿಸುಕಲಿಲ್ಲ. ನೀರು ಕಾಯುವ ಭರದಲ್ಲಿ ಯಾರೂ ಮುಟ್ಟದೆ ಮೂರು ವಾರ ನಿಂತು ಬ್ಯಾಟರಿ ಸತ್ತಿತ್ತು, ಕಿಕ್ಕರಿಗೂ ಬಗ್ಗಲಿಲ್ಲ. ಹರಿಣಾಕ್ಷಿಯಕ್ಕ ಪಂಚಾಯತ್ ಸಾಮಾನ್ಯ ಸಭೆಗೆ ಹೊರಟವರು ಕಾಗದದ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ ಹಿಂದಿನಿಂದ ನೂಕಿದರು. ಆಚೆ ಮನೆಯ ಮೆಕ್ಯಾನಿಕ್ ಜೋವಿನ್ ಬಂದು ಏನೋ ತಿರುಗಿಸಿದ ಮೇಲೆ ಸ್ಕೂಟರ್ ಗುರ್ ಎಂದಿತು. ನಿಲ್ಲಿಸಿದರೆ ಮತ್ತೆ ಆರುತ್ತದೆಂಬ ಹೆದರಿಕೆಯಲ್ಲಿ ಲಿಯೋನೆಲಣ್ಣ ಹಿಂತಿರುಗಿ ನೋಡದೆ ಹೋಗಿಬಿಟ್ಟರು. ಅಕ್ಕನ ಚೀಲವೂ ಜೊತೆಗೇ ಹೋಯಿತು. ಸಭೆಯಲ್ಲಿ ಅವರು ಅಂದು ಯಾವ ಕಾಗದವೂ ಇಲ್ಲದೆ ಬರಿಗೈಯಲ್ಲಿ ಕುಳಿತಿದ್ದರು. ಯಾವಾಗಲೂ ಸಂಜೆಯವರೆಗೆ ಎಳೆಯುವ ಸಭೆ ಹದಿನೈದೇ ನಿಮಿಷದಲ್ಲಿ ಮುಗಿಯಿತು.